ಕೊನೆಯ ಕೋಣೆಗೆ ಬಿಸಿನೀರು

2017ರ ಸೆಪ್ಟೆಂಬರಿನಲ್ಲಿ ಅಪ್ಪಾಜಿ ಮೊದಲ ಸಲ ಇಂಗ್ಲೆಂಡಿಗೆ ಬಂದರು. ಅವ್ವ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಇದ್ದರು. ಆರು ತಿಂಗಳ ವೀಸಾ ಮಾಡಿಸಿ, ಹಟ ಹಿಡಿದು ಕರೆಸಿಕೊಂಡಿದ್ದೆ. ಶೆಫೀಲ್ಡಿನಲ್ಲಿ ನಾವು ಮನೆ ಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ. ವಾಕ್ಲಿ ಅಂತ ಬಡಾವಣೆಯ ಹೆಸರು. ಶೆಫೀಲ್ಡೇ ಗುಡ್ಡಗಳ ಊರು, ವಾಕ್ಲಿಯಲ್ಲಂತೂ ಸಾಮಾನಿನ ಚೀಲ ಹಿಡಿದು ಹತ್ತುವಾಗ ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕು. ಉಕ್ಕಿನ ಕಾರ್ಖಾನೆಗಳ ಕೆಲಸಗಾರರು ಇದ್ದ ಸಾಲುಮನೆಗಳು ಅಲ್ಲಿನವು. ಕಟ್ಟಿ ನೂರು ವರ್ಷ ದಾಟಿದೆ. ಅಗಲ ಕಡಿಮೆ, ಎತ್ತರ ಜಾಸ್ತಿ. ಕೆಳಗೆ ನೆಲಮಾಳಿಗೆ, ಅದರ ಮೇಲೆ ನಡುಮನೆ ಮತ್ತು ಅಡುಗೆಮನೆ, ಅದರ ಮೇಲೆ ಮಲಗುವ ಕೋಣೆಗಳು, ಎಲ್ಲಕ್ಕೂ ಮೇಲೆ ಸೂರಿನಡಿ ಒಂದು ಅಟ್ಟದ ಕೋಣೆ. ಅದರ ಕಿಟಕಿಯಿಂದ ರಿವಲಿನ್ ಕಣಿವೆ ಕಾಣುತ್ತದೆಂದು ಅಪ್ಪಾಜಿಗೆ ಆ ಕೋಣೆಯನ್ನೇ ಕೊಟ್ಟಿದ್ದೆವು.

ಅಕ್ಟೋಬರ್ ಬರುತ್ತಿದ್ದಂತೆ ಬೆಳಗಿನ ಹೊತ್ತು ನಾನು ಏಳುವ ಮೊದಲೇ ಅವರು ಕೆಳಗಿಳಿದು, ಮಂಕಿ ಕ್ಯಾಪ್ ಹಾಕಿಕೊಂಡು, ಅಡುಗೆಮನೆಯ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಒಂದೆರಡು ದಿನ ವಯಸ್ಸಾದವರಿಗೆ ನಿದ್ದೆ ಕಡಿಮೆ ಎಂದುಕೊಂಡೆ. ಆಮೇಲೆ ಕೇಳಿದೆ.

"ಅಪ್ಪಾಜಿ, ಮೇಲೆ ಬಿಸಿ ಬರ್ತಾ ಇಲ್ವಾ?"

"ಬರ್ತೈತವ್ವ. ನಿಮಗೆಲ್ಲಾ ಬಂದು ಮಿಕ್ಕಿದ್ದು ಬರ್ತೈತಿ."

ಅವರು ದೂರಿದ್ದಲ್ಲ. ಜೀವನಪೂರ್ತಿ ಹಾಗೆ ಮಿಕ್ಕಿದ್ದಕ್ಕೆ ಕಾದವರು ಅವರು. ಅದನ್ನು ಮುಂದೆ ಹೇಳುತ್ತೇನೆ.

ಅಲ್ಲಿನ ಮನೆ ಬಿಸಿ ಮಾಡುವ ಏರ್ಪಾಡು ಹೀಗಿರುತ್ತದೆ. ಅಡುಗೆಮನೆಯ ಗೋಡೆಯ ಮೇಲೊಂದು ಗ್ಯಾಸ್ ಬಾಯ್ಲರ್, ಅದರ ಹೊಟ್ಟೆಯೊಳಗೆ ಒಂದು ಪುಟ್ಟ ಪಂಪು. ಕಾದ ನೀರು ತಾಮ್ರದ ಪೈಪಿನಲ್ಲಿ ಕೋಣೆಕೋಣೆಗೂ ಹೋಗುತ್ತದೆ. ಗೋಡೆಗೆ ನೇತುಹಾಕಿದ ಉಕ್ಕಿನ ತಗಡಿನ ರೇಡಿಯೇಟರುಗಳ ಒಳಗೆ ಹರಿದು, ಕೋಣೆಗೆ ಬಿಸಿ ಕೊಟ್ಟು, ಇನ್ನೊಂದು ಪೈಪಿನಲ್ಲಿ ಬಾಯ್ಲರಿಗೆ ವಾಪಸಾಗುತ್ತದೆ. ಹೊಸ ನೀರು ಬರುವುದಿಲ್ಲ, ಹಳೆಯದು ಹೊರಗೆ ಹೋಗುವುದಿಲ್ಲ. ಅದೇ ನೀರು ವರ್ಷಗಟ್ಟಲೆ ಮನೆಯ ಗೋಡೆಗಳಲ್ಲಿ ಸುತ್ತುತ್ತಿರುತ್ತದೆ. ನಮ್ಮ ಮನೆಯಲ್ಲಿ ಹಿಂದಿನವರು ಬಾಯ್ಲರನ್ನೇನೋ ಬದಲಿಸಿದ್ದರು. ರೇಡಿಯೇಟರುಗಳು ಮಾತ್ರ ಬಹಳ ಹಳೆಯವು, ಒಂದೇ ಪದರದ ಚಪ್ಪಟೆ ತಗಡು, ಮೇಲೆ ಬಣ್ಣದ ಮೇಲೆ ಬಣ್ಣ.

ಒಂದು ಕಂಪನಿಯವರನ್ನು ಕರೆಸಿದೆವು. ಬಂದವರು ಅಡುಗೆಮನೆಯಿಂದ ಆಚೆಗೆ ಕಾಲಿಡಲಿಲ್ಲ. ಬಾಯ್ಲರ್ ಸಾಲದು, ಇದಕ್ಕಿಂತ ದೊಡ್ಡದು ಹಾಕಿಸಬೇಕು ಎಂದು ಸಾವಿರಾರು ಪೌಂಡಿನ ಅಂದಾಜುಪಟ್ಟಿ ಕೊಟ್ಟು ಹೋದರು. ನಾನು ಅದನ್ನು ಓದಿ ಹೇಳುತ್ತಿದ್ದಾಗ ಅಪ್ಪಾಜಿ ಎದ್ದು ನಡುಮನೆಯ ರೇಡಿಯೇಟರಿನ ಮೇಲೆ ಅಂಗೈ ಇಟ್ಟರು. ಮೇಲಿಂದ ಕೆಳಗೆ ನಿಧಾನವಾಗಿ ಕೈ ಸರಿಸಿದರು. ಪಕ್ಕಕ್ಕೆ ಸರಿದು ಮತ್ತೆ ಹಾಗೇ ಮಾಡಿದರು.

"ಮ್ಯಾಲೆ ಸುಡ್ತೈತಿ, ಕೆಳಗೆ ನಡುವೆ ತಣ್ಣಗೈತಿ. ಇದರಾಗ ರಾಡಿ ಕೂತೈತವ್ವ. ಬಾಯ್ಲರ್ ದೊಡ್ಡದು ಮಾಡಿದ್ರೆ ರಾಡಿ ಹೋಗ್ತೈತೇನು?"

ದಾವಣಗೆರೆ ಕಡೆ ನಮ್ಮದು ಹಳ್ಳಿ. ಮೂರೆಕರೆ ಜಮೀನು, ಜೊತೆಗೆ ರಸ್ತೆ ಬದಿಯಲ್ಲೊಂದು ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟರ್ ವೈಂಡಿಂಗ್, ಬೋರ್‌ವೆಲ್ ಪೈಪ್ ಎತ್ತುವುದು ಇಳಿಸುವುದು, ಫುಟ್‌ವಾಲ್ವ್ ಬದಲಿಸುವುದು, ಇದರಲ್ಲೇ ಅವರ ಆಯುಷ್ಯ ಕಳೆದಿದೆ. ಶಾಲೆ ಬಿಟ್ಟ ಮೇಲೆ ಅಂಗಡಿಗೆ ಹೋಗಿ ಅವರು ಕೇಳಿದ ಪಾನ ಎತ್ತಿಕೊಡುವುದು ನನ್ನ ಕೆಲಸ. ಹದಿನೆಂಟು-ಹತ್ತೊಂಬತ್ತರ ಪಾನ ಯಾವುದು, ಇಪ್ಪತ್ತನಾಲ್ಕರದ್ದು ಯಾವುದು ಎಂದು ನೋಡದೇ ಕೈಯಲ್ಲಿ ಹಿಡಿದು ಹೇಳುವಷ್ಟು ರೂಢಿಯಾಗಿತ್ತು. ಹಾಗಾಗಿ ಆ ಸಂಜೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದಾಗ, ಈ ಕೆಲಸ ನಾವೇ ಮಾಡೋಣ ಎನ್ನಲು ಹೆಚ್ಚು ಮಾತು ಬೇಕಾಗಲಿಲ್ಲ.

ಒಂದು ವಿಷಯ ಮಾತ್ರ ಮೊದಲೇ ಇತ್ಯರ್ಥ ಮಾಡಿಕೊಂಡೆವು. ಗ್ಯಾಸಿಗೆ ಸಂಬಂಧಪಟ್ಟ ಕೆಲಸವನ್ನು ಅಲ್ಲಿ ಗ್ಯಾಸ್ ಸೇಫ್ ನೋಂದಣಿ ಇರುವವರೇ ಮಾಡಬೇಕು. ಬಾಯ್ಲರಿನ ಮುಚ್ಚಳ ನಾವು ಮುಟ್ಟುವುದಿಲ್ಲ. ರೇಡಿಯೇಟರ್ ಅಂದರೆ ಬರೀ ನೀರು, ಪೈಪು, ವಾಲ್ವು. ಅದನ್ನು ಮನೆಯವರು ಮಾಡಿಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಅಪ್ಪಾಜಿ ಕೇಳಿದ ಮೊದಲ ಪ್ರಶ್ನೆ ಹೆಡ್ಡಿನದ್ದು, ಅಂದರೆ ನೀರು ಏರಬೇಕಾದ ಎತ್ತರದ್ದು. ಪಂಪಿನವರು ಎಲ್ಲೇ ಹೋದರೂ ಅದನ್ನೇ ಕೇಳುತ್ತಾರೆ. "ಇಷ್ಟು ಸಣ್ಣ ಪಂಪು ಅಟ್ಟದ ತನಕ ನೀರು ಹೆಂಗ ಏರಸ್ತೈತಿ? ಇಪ್ಪತ್ತು ಅಡಿ ಮ್ಯಾಲೇ ಐತಲ್ಲ." ನಾನು ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಅವರೇ ಒಂದು ಹಾಳೆಯ ಮೇಲೆ ಉದ್ದನೆಯ ಸುತ್ತು ಬರೆದು ನೋಡುತ್ತಾ ಕೂತರು. ಏರುವ ಪೈಪಿನಲ್ಲಿ ಎಷ್ಟು ನೀರಿದೆಯೋ ಇಳಿಯುವ ಪೈಪಿನಲ್ಲೂ ಅಷ್ಟೇ ಇದೆ. ಇಳಿಯುವ ನೀರಿನ ತೂಕ ಏರುವ ನೀರನ್ನು ಎತ್ತಿಕೊಡುತ್ತದೆ. ಪೈಪಿನ ಗೋಡೆಗೆ, ತಿರುವಿಗೆ, ವಾಲ್ವಿಗೆ ಉಜ್ಜಿಕೊಂಡು ನೀರು ಕಳೆದುಕೊಳ್ಳುವ ಬಲವನ್ನಷ್ಟೇ ಪಂಪು ತುಂಬಿಕೊಟ್ಟರೆ ಸಾಕು. "ಸುತ್ತು ಪೂರ್ತಿ ತುಂಬಿರಬೇಕು ಅಷ್ಟೇ," ಎಂದರು. ಬಾಯ್ಲರಿನ ಕೆಳಗಿನ ಗೇಜು ಅದಕ್ಕೇ ಇರುವುದು. ಹತ್ತು ಮೀಟರ್ ನೀರಿನ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ. ತಣ್ಣಗಿರುವಾಗ 1ರಿಂದ 1.5ರ ನಡುವೆ ಮುಳ್ಳು ನಿಂತಿದ್ದರೆ ಅಟ್ಟದ ತುದಿಯವರೆಗೂ ಪೈಪು ತುಂಬಿದೆ ಎಂದರ್ಥ.

ಆಮೇಲೆ ಲೆಕ್ಕಕ್ಕೆ ಕೂತೆವು. ಒಂದೊಂದು ಕೋಣೆಯ ಉದ್ದ, ಅಗಲ, ಎತ್ತರ, ಹೊರಗೋಡೆ ಎಷ್ಟು, ಕಿಟಕಿ ಎಷ್ಟು ಎಂದು ಅಳೆದು, ಎಷ್ಟು ವ್ಯಾಟ್ ಬಿಸಿ ಬೇಕೆಂದು ಬರೆದುಕೊಂಡೆವು. ಹಳೆಯ ಇಟ್ಟಿಗೆ ಗೋಡೆ, ನಡುವೆ ಖಾಲಿ ಜಾಗವಿಲ್ಲ, ಬಿಸಿ ಬಹಳ ಸೋರುತ್ತದೆ. ಹೊಸ ರೇಡಿಯೇಟರುಗಳನ್ನು 11, 21, 22 ಎಂಬ ನಂಬರಿನಿಂದ ಕರೆಯುತ್ತಾರೆ. ಮೊದಲ ಅಂಕಿ ನೀರು ಹರಿಯುವ ಪದರ ಎಷ್ಟು ಅಂತ, ಎರಡನೆಯದು ಅವುಗಳ ಬೆನ್ನಿಗೆ ಬೆಸೆದ ನಿರಿಗೆ ತಗಡಿನ ಸಾಲು ಎಷ್ಟು ಅಂತ. ಆ ನಿರಿಗೆಗಳ ನಡುವೆ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ನಮ್ಮ ಹಳೆಯವು ನಿರಿಗೆಯೇ ಇಲ್ಲದ ಒಂಟಿ ಪದರ. 22 ನಂಬರಿನದ್ದು ಅದೇ ಗೋಡೆಯ ಜಾಗದಲ್ಲಿ ಅದರ ಎರಡು ಪಟ್ಟಿಗೂ ಮೇಲೆ ಬಿಸಿ ಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಇದು ಗೊತ್ತಿಲ್ಲದೆ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ತಯಾರಕರು ಬರೆದಿರುವ ವ್ಯಾಟು, ರೇಡಿಯೇಟರಿನ ಸರಾಸರಿ ಬಿಸಿ 70 ಡಿಗ್ರಿ, ಕೋಣೆಯದು 20 ಡಿಗ್ರಿ ಇದ್ದಾಗಿನದ್ದು. ನಡುವಿನ ಅಂತರ 50. ಬಾಯ್ಲರಿನಿಂದ ಹೊರಡುವ ನೀರನ್ನು 55 ಡಿಗ್ರಿಗೆ ಇಳಿಸಿದರೆ ಅಂತರ ಸುಮಾರು 30 ಆಗುತ್ತದೆ, ಸಿಗುವ ಬಿಸಿ ಹೆಚ್ಚುಕಡಿಮೆ ಅರ್ಧ. ಹಾಗಾದರೆ ಇಳಿಸುವುದೇಕೆ? 2005ರಿಂದ ಈಚೆಗೆ ಇಂಗ್ಲೆಂಡಿನಲ್ಲಿ ಹಾಕಿರುವ ಗ್ಯಾಸ್ ಬಾಯ್ಲರುಗಳು ಬಹುಪಾಲು ಕಂಡೆನ್ಸಿಂಗ್ ಬಗೆಯವು. ಗ್ಯಾಸ್ ಉರಿದಾಗ ಹುಟ್ಟುವ ಹಬೆ ಹೊಗೆಯ ಜೊತೆ ಹೊರಗೆ ಹೋಗದಂತೆ, ವಾಪಸ್ ಬರುವ ನೀರಿನ ತಂಪು ತಗುಲಿ ಅಲ್ಲೇ ನೀರಾಗಬೇಕು. ಆಗ ಹಬೆಯೊಳಗಿದ್ದ ಬಿಸಿಯೂ ಮನೆಗೇ ದಕ್ಕುತ್ತದೆ. ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅದು ಸಾಧ್ಯ. ನಮ್ಮ ಮನೆಯಲ್ಲಿ ರೇಡಿಯೇಟರುಗಳು ಚಿಕ್ಕವೆಂದು ನೀರನ್ನು ಎಂಬತ್ತು ಡಿಗ್ರಿವರೆಗೂ ಕಾಯಿಸುತ್ತಿದ್ದೆವು. ಬಾಯ್ಲರಿನ ಆ ಗುಣ ಗೋಡೆಯಾಚೆ ಬಿಳಿ ಹಬೆಯಾಗಿ ಹೋಗುತ್ತಿತ್ತು. ದೊಡ್ಡದಾಗಬೇಕಾದದ್ದು ರೇಡಿಯೇಟರ್, ಬಾಯ್ಲರ್ ಅಲ್ಲ. ಇದನ್ನು ಹೇಳಬೇಕಾಗಿದ್ದವರು ದುಡ್ಡು ತೆಗೆದುಕೊಳ್ಳಲು ಬಂದ ಆ ಕಂಪನಿಯವರು. ಅವರು ಹೇಳಲಿಲ್ಲ ಎಂಬುದು ಈಗಲೂ ನನಗೆ ಸಿಟ್ಟು ತರಿಸುತ್ತದೆ.

ಚಳಿ ಬಲಿಯುವುದರೊಳಗೆ ಮುಗಿಸಬೇಕೆಂದು ಅಕ್ಟೋಬರಿನಲ್ಲೇ ಕೈ ಹಚ್ಚಿದೆವು. ಬಾಯ್ಲರಿನ ಸ್ವಿಚ್ ತೆಗೆದು, ನೀರು ಆರುವ ತನಕ ಬಿಟ್ಟು, ಎಲ್ಲಕ್ಕಿಂತ ಕೆಳಗಿದ್ದ ಬರಿದು ಮಾಡುವ ನಲ್ಲಿಗೆ ಹೋಸ್ ಪೈಪ್ ಸಿಕ್ಕಿಸಿ ಹಿತ್ತಲ ಚರಂಡಿಗೆ ಬಿಟ್ಟೆವು. ಅಟ್ಟದ ರೇಡಿಯೇಟರಿನ ಗಾಳಿ ಬಿಡುವ ತಿರುಪನ್ನು ಸಡಿಲಿಸಿದ ಕೂಡಲೇ ಮೇಲಿಂದ ಗಾಳಿ ಎಳೆದುಕೊಂಡು ನೀರು ಸುರಿಯಿತು. ಮೊದಲು ಕಂದು, ಆಮೇಲೆ ಅಚ್ಚ ಕಪ್ಪು.

ಆ ಕಪ್ಪನ್ನು ಹತ್ತಿರದಿಂದ ನೋಡಬೇಕು. ನಡುಮನೆಯ ರೇಡಿಯೇಟರನ್ನು ಕಳಚಿ, ಹಳೆಯ ಬೆಡ್‌ಶೀಟುಗಳ ಮೇಲೆ ಮಲಗಿಸಿ, ಎರಡೂ ತುದಿಗೆ ಬಿರಡೆ ಹಾಕಿ, ನಮ್ಮ ಮನೆಯವರ ಜೊತೆ ಸೇರಿ ಹಿತ್ತಲಿಗೆ ಹೊತ್ತೆವು. ಬಿರಡೆ ತೆಗೆದು ಹೋಸಿನ ನೀರು ಬಿಟ್ಟಾಗ ಒಳಗಿಂದ ದಪ್ಪನೆಯ ರಾಡಿ ಜಾರಿ ಬಂತು. ಬೆರಳಿಗೆ ನುಣ್ಣಗೆ, ಉಜ್ಜಿದರೆ ಚರ್ಮದ ಗೆರೆಗಳಲ್ಲಿ ಇಳಿದು ಎರಡು ದಿನ ಹೋಗುವುದಿಲ್ಲ. ಅಪ್ಪಾಜಿ ಅದನ್ನು ಹಂಚಿನ ಚೂರಿನ ಮೇಲೆ ಸವರಿ ಒಣಗಲು ಇಟ್ಟರು. ಸಂಜೆ ಫ್ರಿಜ್ಜಿನ ಬಾಗಿಲಿಂದ ಒಂದು ಮ್ಯಾಗ್ನೆಟ್ ಕಿತ್ತುಕೊಂಡು ಬಂದು ಮೇಲೆ ಹಿಡಿದರು. ಪುಡಿ ಎದ್ದು ನಿಂತು ಅಂಟಿಕೊಂಡಿತು. ಮ್ಯಾಗ್ನೆಟೈಟ್, ಕಬ್ಬಿಣದ ಕಪ್ಪು ಆಕ್ಸೈಡ್. ರೇಡಿಯೇಟರಿನ ಉಕ್ಕನ್ನೇ ನೀರು ಒಳಗಿಂದೊಳಗೆ ತಿಂದು ಮಾಡಿದ್ದು. ಹಾಗೆ ತಿನ್ನುವಾಗ ಹೈಡ್ರೋಜನ್ ಕೂಡ ಹುಟ್ಟುತ್ತದೆ, ಮೇಲುಗಡೆ ಸೇರಿಕೊಳ್ಳುತ್ತದೆ. ರೇಡಿಯೇಟರಿನ ಕೆಳಗೆ ತಣ್ಣಗಿದ್ದರೆ ರಾಡಿ, ಮೇಲೆ ತಣ್ಣಗಿದ್ದರೆ ಗಾಳಿ ಅಥವಾ ಈ ಅನಿಲ. ಅದಕ್ಕೇ ಗಾಳಿ ಬಿಡುವಾಗ ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ತುಕ್ಕು ತಡೆಯುವ ಇನ್‌ಹಿಬಿಟರ್ ಎಂಬ ದ್ರಾವಣವನ್ನು ನೀರಿಗೆ ಸೇರಿಸಿದ್ದರೆ ಇಷ್ಟಾಗುತ್ತಿರಲಿಲ್ಲ. ಹಿಂದಿನವರು ಎಷ್ಟೋ ವರ್ಷ ಬರೀ ನೀರು ಬಿಟ್ಟಿದ್ದರು.

ನಟ್ಟು ಬಿಚ್ಚುವುದರಲ್ಲಿ ಅಪ್ಪಾಜಿಯ ಕೈ ನೋಡುವಂತಿತ್ತು. ತಾಮ್ರದ ಪೈಪು ಮೆತ್ತಗಿನದು. ನಟ್ಟಿಗೆ ಮಾತ್ರ ಪಾನ ಹಾಕಿ ತಿರುಗಿಸಿದರೆ ವಾಲ್ವಿನ ಜೊತೆ ಪೈಪೂ ತಿರುಚಿಕೊಳ್ಳುತ್ತದೆ. ಎಡಗೈಯ ಪಾನದಿಂದ ವಾಲ್ವನ್ನು ಬಿಗಿಹಿಡಿದು ಬಲಗೈಯಿಂದ ನಟ್ಟು ತಿರುಗಿಸುತ್ತಿದ್ದರು. ಕೆಲವು ನಟ್ಟುಗಳ ಮೇಲೆ ಬಣ್ಣ ಗಟ್ಟಿಯಾಗಿ ಕೂತಿತ್ತು. ಬ್ಲೇಡಿನಿಂದ ಅಂಚು ಗೀರಿ, ಹನಿ ಎಣ್ಣೆ ಬಿಟ್ಟು, ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚುವ ಕಡೆಗೆ. ಪೈಪಿನ ತುದಿಯಲ್ಲಿ ಹಿತ್ತಾಳೆಯ ಉಂಗುರವೊಂದು ಅಮುಕಿ ಕೂತಿರುತ್ತದೆ, ಜಾಯಿಂಟ್ ಸೋರದಂತೆ ಹಿಡಿಯುವುದು ಅದೇ. ಅದನ್ನು ತೆಗೆಯಲು ಗರಗಸದಿಂದ ಓರೆಯಾಗಿ ಅರ್ಧ ಕೊಯ್ದು, ಸೀಳಿಗೆ ಸ್ಕ್ರೂಡ್ರೈವರ್ ಇಟ್ಟು ತಿರುಚಬೇಕು. ಗರಗಸದ ಹಲ್ಲು ಕೆಳಗಿನ ತಾಮ್ರಕ್ಕೆ ತಾಗಿದರೆ ಆ ಪೈಪು ಕೆಟ್ಟಿತು. ಅವರು ಕೊಯ್ಯುತ್ತಿದ್ದುದು ಕಣ್ಣಿನಿಂದಲ್ಲ, ಕಿವಿಯಿಂದ. ಹಿತ್ತಾಳೆಯ ಸದ್ದು ಬದಲಾಗುವ ಮುಂಚೆ ಕೈ ನಿಲ್ಲುತ್ತಿತ್ತು.

ಹೊಸ ರೇಡಿಯೇಟರುಗಳು ಬಂದ ದಿನ ಪೊಟ್ಟಣದಿಂದ ಒಂದು ಬಿರಡೆ ತೆಗೆದು ಬೆಳಕಿಗೆ ಹಿಡಿದರು. ಉಗುರಿನಿಂದ ಥ್ರೆಡ್ಡು ಕೆರೆದು ನೋಡಿ, "ಅವ್ವಾ, ಇದು ನಮ್ಮ ಅರ್ಧ ಇಂಚಿನ ಜಿಐ ಪೈಪಿನ ಥ್ರೆಡ್ಡು!" ಎಂದು ಮುಖ ಅರಳಿಸಿದರು. ನಿಜ. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ 1841ರಲ್ಲಿ ತಿರುಪಿನ ಹಲ್ಲಿನ ಕೋನ 55 ಡಿಗ್ರಿ ಇರಬೇಕೆಂದು ಅಳತೆ ಕಟ್ಟಿದ. ವಾಕ್ಲಿಯಿಂದ ಗುಡ್ಡ ದಾಟಿದರೆ ಮ್ಯಾಂಚೆಸ್ಟರ್, ಅವನ ಕಾರ್ಖಾನೆ ಇದ್ದದ್ದು ಅಲ್ಲಿ. ಆ ಅಳತೆಯಿಂದಲೇ ಬ್ರಿಟಿಷ್ ಪೈಪಿನ ಥ್ರೆಡ್ಡು ಬಂತು, ಅರ್ಧ ಇಂಚಿನದಕ್ಕೆ ಇಂಚಿಗೆ 14 ಹಲ್ಲು. ನಮ್ಮ ಊರಿನ ನಲ್ಲಿ, ಪಂಪುಗಳ ಪೈಪಿಗೂ ಅದೇ ಹಲ್ಲು. ಅಲ್ಲಿಯವರೆಗೆ ಅಪ್ಪಾಜಿ ಆ ದೇಶದಲ್ಲಿ ಬಸ್ಸಿನ ಟಿಕೆಟ್ಟಿಗೂ ನನ್ನ ಕೈ ನೋಡುತ್ತಿದ್ದರು. ಆ ಬಿರಡೆ ಕೈಗೆ ಬಂದ ಮೇಲೆ ನನಗೆ ಹೇಳಿಕೊಡುವವರು ಅವರಾದರು.

"ಮೊದಲೆಲ್ಲಾ ಸೆಣಬಿನ ದಾರ ಸುತ್ತಿ ಬಣ್ಣ ಬಳೀತಿದ್ವಿ. ಈಗ ಟೆಫ್ಲಾನ್ ಟೇಪು ಬಂತು. ಬಿಗಿಯೋ ದಿಕ್ಕಿಗೇ ಸುತ್ತಬೇಕು ನೋಡು, ಉಲ್ಟಾ ಸುತ್ತಿದ್ರೆ ತಿರುಗಿಸಿದಂಗೆಲ್ಲಾ ಬಿಚ್ಕೊಳ್ತೈತಿ."

ಗೋಡೆ ಕೊರೆದು ಬ್ರ್ಯಾಕೆಟ್ ಕೂರಿಸಿದ್ದು, ಹಳೆಯ ರೇಡಿಯೇಟರುಗಳು ಇಂಚಿನ ಅಳತೆಯವು, ಹೊಸವು ಮಿಲಿಮೀಟರಿನವು ಎಂದು ಪೈಪಿನ ನಡುವೆ ಬಿದ್ದ ತೆರಪನ್ನು ಉದ್ದದ ಕನೆಕ್ಟರ್ ಹಾಕಿ ಮುಚ್ಚಿದ್ದು, ಇವೆಲ್ಲ ಬೇಸರ ಹಿಡಿಸುವ ಕೆಲಸ, ಹೇಳುವಂಥದ್ದೇನಿಲ್ಲ. 22 ನಂಬರಿನ ದೊಡ್ಡದೊಂದು ನಲವತ್ತು ಕಿಲೋ ತೂಗುತ್ತದೆ, ಆ ಕಡಿದಾದ ಮೆಟ್ಟಿಲಲ್ಲಿ ಅಟ್ಟಕ್ಕೆ ಏರಿಸುವುದು ಮಾತ್ರ ಮೂರು ಜನರ ಕೆಲಸವಾಯಿತು. ಎಲ್ಲ ಕೂರಿಸಿ, ಒಳಗೆಲ್ಲ ನೀರು ಬಿಟ್ಟು ತೊಳೆದು, ಇನ್‌ಹಿಬಿಟರ್ ಸುರಿದು, ಗೇಜಿನ ಮುಳ್ಳು 1.5 ತೋರಿಸುವ ತನಕ ನೀರು ತುಂಬಿದೆವು. ಅಪ್ಪಾಜಿ ಒಂದೊಂದು ಜಾಯಿಂಟಿನ ಕೆಳಗೂ ಒಣ ಪೇಪರ್ ಚೂರು ಇಟ್ಟು ರಾತ್ರಿ ಬಿಟ್ಟರು. ಬೆಳಗ್ಗೆ ಒದ್ದೆಯಾಗಿದ್ದ ಚೂರಿನ ಮೇಲಿನ ನಟ್ಟಿಗೆ ಕಾಲು ಸುತ್ತು ಬಿಗಿ, ಅಷ್ಟೇ.

ಇನ್ನು ಬಾಯ್ಲರಿನ ಸ್ವಿಚ್ ಹಾಕುವುದೇ ಎಂದುಕೊಂಡೆ. ಹಾಕಿದೆವು. ಅಡುಗೆಮನೆಯ ರೇಡಿಯೇಟರ್ ಹತ್ತು ನಿಮಿಷದಲ್ಲಿ ಕಾದಿತು, ನಡುಮನೆಯದು ಅದರ ಹಿಂದೆಯೇ. ಅಟ್ಟದ್ದು ಹೊಸದು, ರಾಡಿಯಿಲ್ಲ, ಗಾಳಿಯಿಲ್ಲ, ಆದರೂ ಉಗುರು ಬೆಚ್ಚಗೆ. ನನಗೆ ಕೈಕಾಲು ಸೋತಂತಾಯಿತು. ಆ ಕಂಪನಿಯವರು ಹೇಳಿದ್ದೇ ಸರಿಯೇನೋ, ಬಾಯ್ಲರಿಗೇ ತ್ರಾಣ ಸಾಲದೇನೋ ಎಂದು ಬಾಯಿಬಿಟ್ಟು ಅಂದೆ.

ಅಪ್ಪಾಜಿ ಮೆಟ್ಟಿಲ ಮೇಲೆ ಕೂತು ಒಂದಷ್ಟು ಹೊತ್ತು ಸುಮ್ಮನಿದ್ದರು. "ಅಲ್ಲವ್ವ," ಎಂದು ಶುರುಮಾಡಿದರು, "ನಮ್ಮ ನಾಲೆ ಕಥೀನೇ ಇದು."

ಭದ್ರಾ ಬಲದಂಡೆ ನಾಲೆ ಲಕ್ಕವಳ್ಳಿಯ ಜಲಾಶಯದಿಂದ ಹೊರಟು ದಾವಣಗೆರೆ ಕಡೆ ಬರುವ ಹೊತ್ತಿಗೆ ನಮ್ಮದು ಕೊನೆಭಾಗ. ಜಲಾಶಯ 186 ಅಡಿ ತುಂಬಿ ತುಳುಕಿದ ವರ್ಷವೂ ನಮ್ಮ ತೂಬಿನ ಮುಂದೆ ನೆಲ ಒಣಗಿ ಬಿರಿದದ್ದನ್ನು ನಾನೇ ನೋಡಿದ್ದೇನೆ. ಮೇಲಿನವರ ತೂಬುಗಳು ತೆರೆದೇ ಇರುತ್ತಿದ್ದವು, ದಂಡೆಯುದ್ದಕ್ಕೂ ಅಕ್ರಮ ಪಂಪ್‌ಸೆಟ್ಟುಗಳು. ಕೊನೆಭಾಗದ ರೈತರು ರಸ್ತೆಗಿಳಿದಾಗ ಇನ್ನಷ್ಟು ನೀರು ಬಿಡುತ್ತೇವೆ ಎಂಬ ಭರವಸೆ ಬರುತ್ತಿತ್ತು. ಬಿಟ್ಟ ನೀರನ್ನೂ ಮೇಲಿನವರೇ ಕುಡಿಯುತ್ತಿದ್ದರು. ಅಪ್ಪಾಜಿ ರಾತ್ರಿ ಬ್ಯಾಟರಿ ಹಿಡಿದು, ಗುದ್ದಲಿ ಹೆಗಲಿಗೇರಿಸಿ ನಾಲೆ ಕಾಯಲು ಹೋಗುತ್ತಿದ್ದರು. ಅವ್ವ ಎದ್ದು ಕೂತಿರುತ್ತಿದ್ದಳು.

"ಎಷ್ಟು ಬಿಟ್ರೂ ಅಷ್ಟೇ ಅವ್ವ. ಮ್ಯಾಲಿನ ತೂಬು ತಗ್ಗಿಸಿದ್ರೆ ಮಾತ್ರ ಕೊನೀ ಹೊಲಕ್ಕೆ ನೀರು ಬರ್ತೈತಿ. ನೀರಿಗೆ ಯಾವ ದಾರಿ ಸಲೀಸೋ ಅದೇ ದಾರಿ. ಇಲ್ಲಿ ತೂಬು ಯಾವುದು ತೋರಿಸು."

ತೂಬು ಇತ್ತು. ಪ್ರತಿ ರೇಡಿಯೇಟರಿಗೂ ಎರಡು ವಾಲ್ವು. ಒಂದು ತುದಿಯಲ್ಲಿ ಥರ್ಮೋಸ್ಟಾಟ್ ತಲೆಯಿರುವುದು, ಕೋಣೆಯಲ್ಲಿರುವವರು ತಮಗೆ ಬೇಕಾದಂತೆ ತಿರುಗಿಸಿಕೊಳ್ಳಲು. ಇನ್ನೊಂದು ತುದಿಯಲ್ಲಿ ಲಾಕ್‌ಶೀಲ್ಡ್ ಎಂಬುದು, ಮೇಲೆ ಬರೀ ಪ್ಲಾಸ್ಟಿಕ್ ಮುಚ್ಚಳ, ತಿರುಗಿಸಲು ಹಿಡಿಯಿಲ್ಲ. ಮುಚ್ಚಳ ತೆಗೆದು ಪಾನ ಹಾಕಿದರೆ ಮಾತ್ರ ತಿರುಗುತ್ತದೆ. ಯಾವ ಕೋಣೆಗೆ ಎಷ್ಟು ನೀರು ಎಂದು ಇಡೀ ಮನೆಯ ಲೆಕ್ಕದಲ್ಲಿ ನಿಗದಿ ಮಾಡುವುದು ಅದರಿಂದ. "ಇದು ನೀರುಗಂಟಿ ಕೈಯಾಗಿರೋ ತೂಬು," ಎಂದರು ಅಪ್ಪಾಜಿ. ನಮ್ಮ ಮನೆಯಲ್ಲಿ ಆ ವಾಲ್ವುಗಳು ಎಲ್ಲ ಕಡೆ ಪೂರ್ತಿ ತೆರೆದಿದ್ದವು. ಬಾಯ್ಲರಿಗೆ ಹತ್ತಿರದ ರೇಡಿಯೇಟರ್ ಸಿಕ್ಕಷ್ಟು ನೀರು ಎಳೆದುಕೊಂಡು, ಬಿಸಿಯೇ ಇಳಿಯದೆ, ಹೋದ ಹಾಗೇ ಬಾಯ್ಲರಿಗೆ ತಿರುಗಿ ಕಳಿಸುತ್ತಿತ್ತು.

ಪೈಪಿಗೆ ಕಚ್ಚಿಸುವ ಥರ್ಮಾಮೀಟರುಗಳನ್ನು ತಂದೆ. ಒಂದು ಒಳಗೆ ಬರುವ ಪೈಪಿಗೆ, ಒಂದು ಹೊರಗೆ ಹೋಗುವ ಪೈಪಿಗೆ. ಎರಡರ ನಡುವೆ 20 ಡಿಗ್ರಿಯ ಹತ್ತಿರ ಅಂತರ ಬರಬೇಕು, ಕಂಡೆನ್ಸಿಂಗ್ ಬಾಯ್ಲರಿಗೆ ಅದು ಒಳ್ಳೆಯದು. ಅಟ್ಟದ ಲಾಕ್‌ಶೀಲ್ಡನ್ನು ಪೂರ್ತಿ ತೆರೆದೇ ಬಿಟ್ಟೆವು. ಅಡುಗೆಮನೆಯದನ್ನು ಪೂರ್ತಿ ಮುಚ್ಚಿ, ಅರ್ಧ ಸುತ್ತಿಗಿಂತ ಕಡಿಮೆ ತೆರೆದೆವು. ಒಂದನ್ನು ತಗ್ಗಿಸಿದರೆ ಉಳಿದವಕ್ಕೆಲ್ಲ ನೀರು ಹೆಚ್ಚುತ್ತದೆ. ಅವನ್ನು ಸರಿಮಾಡಿ ಬರುವಷ್ಟರಲ್ಲಿ ಮೊದಲನೆಯದರ ಲೆಕ್ಕ ತಪ್ಪಿರುತ್ತದೆ. ತಿರುಗಿಸಿ, ಕಾದು, ಓದಿ, ಬರೆದು, ಮತ್ತೆ ತಿರುಗಿಸಿ. ನಾನು ಕೆಳಗೆ, ಅವರು ಮೇಲೆ. ಮೆಟ್ಟಿಲ ಸಂದಿಯಲ್ಲಿ ಕೂಗಿ ಅಂಕಿ ಹೇಳಿಕೊಳ್ಳುತ್ತಿದ್ದೆವು. ಇಂಥ ಕೆಲಸಕ್ಕೆ ಕೂಲಿ ಕೊಟ್ಟು ಯಾರನ್ನು ಕರೆದರೂ ಇಷ್ಟು ಹೊತ್ತು ಕಾಯುವುದಿಲ್ಲ. ನೀರಿಗಾಗಿ ರಾತ್ರಿಯೆಲ್ಲ ದಂಡೆಯ ಮೇಲೆ ಕೂತವರಿಗೆ ಮಾತ್ರ ಆ ತಾಳ್ಮೆ ಇರುತ್ತದೆ ಅನ್ನಿಸುತ್ತದೆ ನನಗೆ.

ಅಟ್ಟದ ಕೋಣೆ 20 ಡಿಗ್ರಿಗೆ ಬಂತು. ಬಾಯ್ಲರ್ ಹಳೆಯದೇ. ನೀರನ್ನು 55 ಡಿಗ್ರಿಗೆ ಇಳಿಸಿದ್ದೆವು. ಹೊರಗೋಡೆಯ ಬಿಳಿ ಪ್ಲಾಸ್ಟಿಕ್ ಪೈಪಿನಿಂದ ಹಗಲೂ ರಾತ್ರಿ ನೀರು ತೊಟ್ಟಿಕ್ಕತೊಡಗಿತು, ಹಬೆ ನೀರಾಗುತ್ತಿದೆ ಎಂಬುದಕ್ಕೆ ಅದೇ ಗುರುತು. ಅಪ್ಪಾಜಿ ಅದನ್ನು ನೋಡಿ, "ಇದು ಹಿಮ ಬಿದ್ದಾಗ ಕಟ್ಕೊಳ್ಳಂಗಿಲ್ಲೇನು?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಫೋಮಿನ ಹೊದಿಕೆ ತರಿಸಿ ಅದಕ್ಕೆ ಸುತ್ತಿದರು.

ಆ ಹೊದಿಕೆಯ ಬೆಲೆ ಫೆಬ್ರವರಿಯಲ್ಲಿ ಗೊತ್ತಾಯಿತು. 2018ರ ಫೆಬ್ರವರಿ ಕೊನೆಯಲ್ಲಿ ಸೈಬೀರಿಯಾ ಕಡೆಯ ಗಾಳಿ ಬ್ರಿಟನ್ನಿನ ಮೇಲೆ ನುಗ್ಗಿತು. ಪತ್ರಿಕೆಯವರು ಅದಕ್ಕೆ 'ಬೀಸ್ಟ್ ಫ್ರಮ್ ದಿ ಈಸ್ಟ್' ಎಂದು ಹೆಸರಿಟ್ಟರು. ಹಗಲಲ್ಲೂ ಸೊನ್ನೆಗಿಂತ ಕೆಳಗೆ. ವಾಕ್ಲಿಯ ಗುಡ್ಡಕ್ಕೆ ಬಸ್ಸು ಏರುವುದು ನಿಂತಿತು. ಮಾರ್ಚ್ 1ರಂದು ದೇಶಕ್ಕೇ ಗ್ಯಾಸ್ ಸಾಲದಾಗಬಹುದೆಂದು ನ್ಯಾಷನಲ್ ಗ್ರಿಡ್ ಎಚ್ಚರಿಕೆ ಕೊಟ್ಟಿತು. ನಮ್ಮ ಮನೆಯಲ್ಲಿ ಆ ವಾರ ನೀರನ್ನು 60 ಡಿಗ್ರಿಗೆ ಏರಿಸಿದ್ದಷ್ಟೇ. ಅಪ್ಪಾಜಿ ಅಟ್ಟದಲ್ಲೇ ಮಲಗಿದರು, ಮಂಕಿ ಕ್ಯಾಪ್ ಇಲ್ಲದೆ.

ಪಕ್ಕದ ಮನೆಯ ಅಜ್ಜಿಯ ಬಾಯ್ಲರ್ ನಿಂತುಹೋಯಿತು. ಎಂಬತ್ತರ ಆಸುಪಾಸಿನ ಒಂಟಿ ಹೆಂಗಸು, ಗಂಡ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ತಾನು ಮದುವೆಯಾಗಿ ಬಂದಾಗ ಕೋಣೆಗೊಂದು ಕಲ್ಲಿದ್ದಲ ಒಲೆ ಇತ್ತೆಂದೂ, ನೆಲಮಾಳಿಗೆಯಿಂದ ಬಕೆಟ್ಟಿನಲ್ಲಿ ಕಲ್ಲಿದ್ದಲು ಹೊರುವುದು ತನ್ನ ದಿನದ ಮೊದಲ ಕೆಲಸವಾಗಿತ್ತೆಂದೂ ನಮಗೆ ಹೇಳುತ್ತಿದ್ದರು. ರಿಪೇರಿಯವರು ಬರಲು ದಿನಗಟ್ಟಲೆ ಆಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದರಂತೆ. ಅಪ್ಪಾಜಿ ಹಿತ್ತಲಿಗೆ ಹೋಗಿ ಅವರ ಬಿಳಿ ಪೈಪನ್ನು ಬೆರಳಿನಿಂದ ತಟ್ಟಿದರು. ಗಟ್ಟಿ ಸದ್ದು. ಒಳಗಿನ ನೀರು ಹೆಪ್ಪುಗಟ್ಟಿ, ಹೋಗಲು ದಾರಿಯಿಲ್ಲದೆ ಬಾಯ್ಲರ್ ತಾನಾಗಿ ನಿಂತಿತ್ತು. ಕುದಿಯುವ ನೀರು ಹಾಕಿದರೆ ಪೈಪು ಸೀಳೀತೆಂದು ಜಗ್ಗಿನಲ್ಲಿ ಬೆಚ್ಚನೆಯ ನೀರು ತಂದು ಸ್ವಲ್ಪಸ್ವಲ್ಪವೇ ಸುರಿದೆವು. ಒಳಗಿನ ಮಂಜುಗಡ್ಡೆ ಕರಗಿ ಬಿತ್ತು, ರೀಸೆಟ್ ಗುಂಡಿ ಒತ್ತಿದಾಗ ಬಾಯ್ಲರ್ ಹೊತ್ತಿಕೊಂಡಿತು.

ಎಲ್ಲ ಕೋಣೆ ಬಿಸಿಯಾದರೂ ಹಿಂದಿನ ಮಲಗುವ ಕೋಣೆ ಮಾತ್ರ ಆಗಲಿಲ್ಲ. ಅದು ಎಷ್ಟೋ ಚಳಿಗಾಲದಿಂದ ಹಾಗೇ ಇದೆ, ಅದರ ಬಾಗಿಲು ಹಾಕಿಬಿಟ್ಟಿದ್ದೇನೆ ಎಂದರು ಅಜ್ಜಿ. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪಾಜಿ ಆ ಬಾಗಿಲು ತೆರೆದಿದ್ದರು. ಅಲ್ಲಿ ರಾಡಿಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಥರ್ಮೋಸ್ಟಾಟಿನ ತಲೆ ಕಳಚಿ ನೋಡಿದರೆ ಅದರ ಕೆಳಗಿನ ಹಿತ್ತಾಳೆಯ ಮೊಳೆ ಒಳಗೇ ಕಚ್ಚಿಕೊಂಡು ಕೂತಿತ್ತು, ನೀರಿನ ದಾರಿ ಮುಚ್ಚಿಹೋಗಿತ್ತು. ಹನಿ ಎಣ್ಣೆ ಬಿಟ್ಟು, ಪಾನದ ಹಿಡಿಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟುತ್ತಾ ಹೋದರು. ಮೊಳೆ ಟಕ್ಕೆಂದು ಮೇಲೆದ್ದಿತು. ಪೈಪಿನಲ್ಲಿ ನೀರು ಸರಿಯುವ ಸದ್ದು ಕೇಳಿಸಿತು. ಅರ್ಧ ಗಂಟೆಯಲ್ಲಿ ರೇಡಿಯೇಟರ್ ಮೇಲಿಂದ ಕೆಳಗಿನ ತನಕ ಒಂದೇ ಸಮ ಬಿಸಿಯಾಯಿತು. ಅಜ್ಜಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ನನಗೆ ಏನೇನೋ ಹೇಳುತ್ತಿದ್ದರು. ಅಪ್ಪಾಜಿ ಆಗಲೇ ಕೆಳಗಿಳಿದು ಅವರ ಅಡುಗೆಮನೆಯ ಲಾಕ್‌ಶೀಲ್ಡಿನ ಮುಚ್ಚಳ ತೆಗೆದು, ಥರ್ಮಾಮೀಟರ್ ತರಲು ನನ್ನನ್ನು ಕೂಗುತ್ತಿದ್ದರು.